ಕರಡಿ, ಜರಡಿ

ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಹೊಗೆ
ಮನೆಗಳಿಗಿಂತ ಮೊದಲು ಎದುರಾಗುತ್ತದೆ.
ಅಂಗನವಾಡಿಯ ಗೋಡೆಗೆ ಬರೆದ ನವಿಲೂ
ಕಾಗೆಯ ಕಡೆಗೆ ಒಂದು ಹೆಜ್ಜೆ ಇಟ್ಟಿದೆ.
ಹಾಲಮ್ಮ ಟೀಚರ್ ಚಾಪೆ ಹಾಸಿ
ಮೂವತ್ತೊಂದು ಮಕ್ಕಳನ್ನು ಕೂರಿಸುವುದರೊಳಗೆ
ಇಬ್ಬರು ಎದ್ದರು, ಒಬ್ಬ ಚಡ್ಡಿ ಒದ್ದೆ ಮಾಡಿಕೊಂಡ,
ಒಬ್ಬಳು ನನ್ನ ಮೈಕೂದಲು ಜಗ್ಗಿ
ಇದು ನಿಂಗೇ ಹುಟ್ಟೈತಾ ಅಂದಳು.

ನಾನು ಕರಡಿ. ಮೈಮೇಲೆ ಚಳ್ಳಕೆರೆಯ ಕರೀ ಕಂಬಳಿ,
ತಿಂಗಳು ಏಪ್ರಿಲ್.
ಕಂಪನಿ ನಾಟಕದಲ್ಲಿ ಹದಿನಾಲ್ಕು ವರ್ಷ ಖಳನಾಯಕನಾಗಿದ್ದೆ,
ನನ್ನ ನಗುವಿಗೆ ಟೆಂಟಿನಾಚೆ ನಾಯಿಗಳು ಬೊಗಳುತ್ತಿದ್ದವು.
ಸೀಟಿ, ಚಪ್ಪಲಿ, ಒನ್ಸ್‌ಮೋರ್ ಎಲ್ಲ ಕಂಡವನಿಗೆ
ಮೂರು ವರ್ಷದವರ ಮುಂದೆ ಈಗಲೂ ಬಾಯಿ ಒಣಗುತ್ತದೆ.
ಅವರು ಟಿಕೆಟ್ ಕೊಂಡವರಲ್ಲ.
ಸುಮ್ಮನೆ ನಂಬುತ್ತೇವೆಂದು
ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿದವರಲ್ಲ.

ಕಥೆ ಚಿಕ್ಕದು. ಕರಡಿಗೆ ಕತ್ತಲೆಂದರೆ ಭಯ,
ಚಂದ್ರನನ್ನು ಗವಿಗೆ ಕರೆಯುತ್ತದೆ.
ಚಂದ್ರ ಒಲ್ಲೆ ಅನ್ನುತ್ತಾನೆ. ಒಂದು ಹಾಡು. ರಾಜಿ.
ಇಪ್ಪತ್ತೈದು ನಿಮಿಷ.
ನಮ್ಮ ರಟ್ಟಿನ ಚಂದ್ರ ಹೋದ ವಾರ ಹೊನ್ನಾಳಿಯಲ್ಲಿ
ಕೋತಿಯ ಪಾಲಾಗಿ,
ಕೊಟ್ರೇಶಿ ಬೆಳಿಗ್ಗೆ ಯಾವುದೋ ಭಟ್ಟಿಯ ಕಟ್ಟೆಯಿಂದ
ಈಗ ತಂದುಕೊಡ್ತೀನಿ ಅಂತ ಯಾರಿಗೋ ಹೇಳಿ
ಒಂದು ಜರಡಿ ತಂದಿದ್ದ.
ಬಿಳಿ ಕಾಗದ ಹಚ್ಚಲು ಹೊತ್ತಿರಲಿಲ್ಲ.
ಕಿಟಕಿಗೆ ಅಡ್ಡ ಹಿಡಿದರೆ ತೂತುಗಳಲ್ಲಿ ಬಿಸಿಲು
ನುಚ್ಚಕ್ಕಿಯಂತೆ ಉದುರುತ್ತಿತ್ತು.
ನನಗೇ ಇಷ್ಟವಾಗಿಬಿಟ್ಟಿತು.

ಓ ಚಂದ್ರಾ, ಬಾ ನಮ್ಮ ಗವಿಗೆ, ಅಂದೆ.

ಮೂರನೇ ಸಾಲಿನಿಂದ ಮೆಹಜಬೀನ್ ಎದ್ದಳು.
ಒಂದು ಕಿವಿಗೆ ರಿಂಗು, ಇನ್ನೊಂದಕ್ಕೆ ಪೊರಕೆಕಡ್ಡಿ.
"ಅದು ಚಂದ್ರ ಅಲ್ಲ, ನಮ್ ಅಮ್ಮೀದು ಜರಡಿ.
ನೋಡು, ಇಲ್ಲಿ ತಂತಿ ಕಟ್ಟೈತೆ.
ಅಮ್ಮಿ ಹುಡುಕ್ತಿರ್ತಾಳೆ, ಮರಳು ಆರೋಗ್ತೈತೆ."
ಅಳಲಿಲ್ಲ, ಕೇಳಲೂ ಇಲ್ಲ.
ಕೊಟ್ರೇಶಿಯ ಕೈಯಿಂದ ಬಿಡಿಸಿಕೊಂಡು
ತಲೆ ಮೇಲೆ ಹೊತ್ತು ಆಟದ ನಟ್ಟನಡುವೆ ಹಾದು
ಎಡ ಚಪ್ಪಲಿ ಬಲಕ್ಕೆ, ಬಲದ್ದು ಎಡಕ್ಕೆ ಮೆಟ್ಟಿ
ಹೊರಟೇಬಿಟ್ಟಳು. ಹಿಂದೆ ಹಾಲಮ್ಮ ಟೀಚರ್ ಓಡಿದರು.
ಚಂದ್ರ ಓಣಿ ತಿರುಗಿತು.
ಅದರ ಹಿಂದೆ ಅಡಗಿದ್ದ ಕೊಟ್ರೇಶಿಯ ಮುಖ
ಮೀಸೆ ಸಮೇತ ಬಯಲಿಗೆ ಬಿತ್ತು.

ಇಷ್ಟು ವರ್ಷದಲ್ಲಿ ಮಾತು ಮರೆತದ್ದುಂಟು,
ಪರದೆ ಹರಿದದ್ದುಂಟು,
ಎದುರಾಳಿ ಕುಡಿದು ಬಂದು ನಿಜವಾದ ಏಟೇ ಕೊಟ್ಟದ್ದುಂಟು.
ಮನೆಗೆಲಸವಿದೆಯೆಂದು ಚಂದ್ರ ಎದ್ದು ಹೋದದ್ದು
ಇದೇ ಮೊದಲು.
ಮೇಲೆ ನೋಡಿದೆ. ಫ್ಯಾನು.
ಈಗೇನ್ ಮಾಡ್ಲಿ? ಅಂದೆ.
ಅದು ಕರಡಿಯ ಮಾತಲ್ಲ, ನನ್ನದು.

ಮೂಗಿನಿಂದ ಬೆರಳು ತೆಗೆದು ತಿಪ್ಪೇಶಿ ಹೇಳಿದ:
"ಇವತ್ತು ಅಮಾಸೆ. ಮಲ್ಕ."

ಮಲಗಿದೆ.
ಒಬ್ಬೊಬ್ಬರೇ ಬಂದು ಸುತ್ತ ಕೂತರು,
ಬೆಂದ ಹೆಸರುಕಾಳಿನ ವಾಸನೆಯ ಕೈಗಳು.
ಅದು ತಟ್ಟುವುದಲ್ಲ, ರೊಟ್ಟಿ ಬಡಿಯುವುದು.
ಕಣ್ ಮುಚ್ಚು, ಗುಮ್ಮ ಬರ್ತಾನೆ ಅಂತ
ಕರಡಿಯನ್ನೇ ಹೆದರಿಸಿದರು.
ಯಾರೋ ಕಂಬಳಿಯನ್ನು ಮುಖದ ಮೇಲೂ ಎಳೆದರು.

ಬೆವರುವ ಆ ಕತ್ತಲಲ್ಲಿ
ಹೊರಗೆಲ್ಲೋ ಅಕ್ಕಿ ಅರಳುವ ಸದ್ದು ಕೇಳಿತು,
ಆಮೇಲೆ ಜರಡಿ ಆಡಿಸುವ ಸದ್ದು.
ಮರಳು ಕೆಳಕ್ಕೆ,
ಮಂಡಕ್ಕಿ ಅಲ್ಲೇ.
ಎಷ್ಟು ಹೊತ್ತು ಬಿದ್ದುಕೊಂಡಿದ್ದೆನೋ,
ಕೊಟ್ರೇಶಿ ಕಾಲು ಹಿಡಿದು ಅಲುಗಿಸಬೇಕಾಯಿತು.

ಮರುದಿನ ಹರಿಹರ, ಆಮೇಲೆ ಮಲೇಬೆನ್ನೂರು.
ಪೇಟೆಯಿಂದ ಹೊಸ ಜರಡಿ ತಂದಿದ್ದೇವೆ, ಯಾರದ್ದೂ ಅಲ್ಲದ್ದು.
ಚಂದ್ರ ಅಂದರೆ ಎಲ್ಲ ಮಕ್ಕಳೂ ಚಂದ್ರ ಅನ್ನುತ್ತವೆ.
ಹಾಡು, ರಾಜಿ, ಚಪ್ಪಾಳೆ.
ಆದರೂ ಆ ಮಾತು ಬಂದಾಗ ಒಂದು ಉಸಿರು ತಡೆದು
ಮೂರನೇ ಸಾಲಿನ ಕಡೆ ನೋಡುತ್ತೇನೆ.
ತೂತುಗಳ ಹಿಂದಿನಿಂದ ಕೊಟ್ರೇಶಿ ಪಿಸುಗುಟ್ಟುತ್ತಾನೆ:
ಮುಂದಕ್ಕೆ ಹೋಗೋ.